ರಾಗಿಯ ಜೀನ್ ಹುಡುಕುವುದಕ್ಕೆ ಹಿಂಜರಿಕೆ ಏಕೆ?

ಗಾಂಧಿ ಬಜಾರಿನಲ್ಲಾಗಲಿ, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಾಗಲಿ ಈಗ ರಾಗಿಗೆ ಬರವಿಲ್ಲ. ಹಿಟ್ಟು, ಹುರಿಹಿಟ್ಟು, ಮೊಳಕೆ ಕಟ್ಟಿದ ಮಾಲ್ಟು, ಶಾವಿಗೆ, ಬಿಸ್ಕತ್ತು, ದೋಸೆ ಹಿಟ್ಟು ಎಲ್ಲವೂ ಸಿಗುತ್ತವೆ. ಮುದ್ದೆಯ ಹೆಸರೆತ್ತದ ಮನೆಗಳಿಗೂ ಸಕ್ಕರೆ ಕಾಯಿಲೆಯ ಬೆನ್ನಿಗೇ ರಾಗಿ ಬಂದು ಕೂತಿದೆ. ಇಷ್ಟೆಲ್ಲಕ್ಕೂ ಹಿಂದಿರುವ ನಂಬಿಕೆ ರಾಗಿಯಲ್ಲಿ ಕ್ಯಾಲ್ಸಿಯಂ ಹೆಚ್ಚು ಎಂಬುದು. ನಂಬಿಕೆ ಸುಳ್ಳಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಆದರೆ 364 ಎಂಬುದು ಸರಾಸರಿ. ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ತನ್ನ ಸಂಗ್ರಹದ ರಾಗಿ ತಳಿಗಳನ್ನು ಅಳೆದು ನೋಡಿದಾಗ ಕನಿಷ್ಠ 184, ಗರಿಷ್ಠ 489 ಮಿಲಿಗ್ರಾಂ ಬಂದಿತ್ತು. ತರಗುಪೇಟೆಯ ಮಂಡಿಯಲ್ಲಿ ಇಳಿಯುವ ಮೂಟೆಯಲ್ಲಿ 200ರ ರಾಗಿ ಇದೆಯೋ 450ರ ರಾಗಿ ಇದೆಯೋ ಮಾರುವವರಿಗೂ ಗೊತ್ತಿಲ್ಲ, ಕೊಳ್ಳುವವರಿಗೂ ಗೊತ್ತಿಲ್ಲ. ಈ ಅಂತರಕ್ಕೆ ಮಣ್ಣು, ಗೊಬ್ಬರ, ಮಳೆ ಒಂದಿಷ್ಟು ಕಾರಣವಾದರೆ, ಉಳಿದದ್ದು ತಳಿಯ ಹುಟ್ಟುಗುಣ. ಆ ಹುಟ್ಟುಗುಣ ಯಾವ ಜೀನಿನಲ್ಲಿದೆ ಎಂಬುದರ ಬಗ್ಗೆ ಊಹೆಗಳಿವೆ, ಶಂಕಿತ ಜೀನ್‌ಗಳ ಪಟ್ಟಿಗಳಿವೆ, ತೀರ್ಮಾನವಿಲ್ಲ. ಅದನ್ನು ಹುಡುಕಿ, ಬಿಡಿಸಿ ತೆಗೆದು, ಪರೀಕ್ಷಿಸುವ ಕೆಲಸಕ್ಕೆ ಜೀನ್ ಕ್ಲೋನಿಂಗ್ ಎನ್ನುತ್ತಾರೆ. ಆ ಕೆಲಸವನ್ನು ಕರ್ನಾಟಕ ಸರ್ಕಾರ ತನ್ನ ದುಡ್ಡಿನಲ್ಲಿ, ತನ್ನ ವಿಶ್ವವಿದ್ಯಾಲಯಗಳಲ್ಲೇ ಮಾಡಿಸಬೇಕು ಎಂಬುದು ನನ್ನ ವಾದ.

ಇದಕ್ಕೆ ಬೇಕಾದ ಅಡಿಪಾಯ ಬೆಂಗಳೂರಿನಲ್ಲೇ ಬಿದ್ದಿದೆ. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಶೈಲಜಾ ಹಿಟ್ಟಲಮನಿ ಅವರ ತಂಡ ಎಂಎಲ್-365 ಎಂಬ ನಮ್ಮದೇ ತಳಿಯ ಜೀನೋಮನ್ನು ಓದಿ 2017ರಲ್ಲಿ ಪ್ರಕಟಿಸಿತು. ಅದರಲ್ಲಿ 85,243 ಜೀನ್‌ಗಳಿರಬಹುದೆಂದು ಅಂದಾಜಿಸಲಾಯಿತು. ಮರುವರ್ಷ ಪಿಆರ್-202 ತಳಿಯ ಜೀನೋಮ್ ಬಂತು. 2023ರಲ್ಲಿ ಇನ್ನೊಂದು ಅಂತರರಾಷ್ಟ್ರೀಯ ತಂಡ ಕ್ರೋಮೋಸೋಮ್ ಕ್ರೋಮೋಸೋಮಾಗಿ ಜೋಡಿಸಿದ ಪೂರ್ಣ ನಕ್ಷೆ ಕೊಟ್ಟಿತು. ಸಂತೋಷದ ಸುದ್ದಿಯೇ. ಆದರೆ ಜೀನೋಮ್ ಓದಿಯಾಯಿತು ಎಂದರೆ ಊರಿನ ಮತದಾರರ ಪಟ್ಟಿ ಸಿಕ್ಕಂತೆ: ಹೆಸರು, ಮನೆ ನಂಬರು ಎಲ್ಲ ಇದೆ, ಯಾರು ಯಾವ ಕಸುಬು ಮಾಡುತ್ತಾರೆ ಎಂಬುದು ಮಾತ್ರ ಇಲ್ಲ. ಬೇರಿನಿಂದ ಬಂದ ಕ್ಯಾಲ್ಸಿಯಮ್ಮನ್ನು ಕಾಳಿಗೆ ಸಾಗಿಸುವ ಜೀನ್ ಯಾವುದು, ಅಲ್ಲಿ ಅದನ್ನು ಕೂಡಿಡುವುದು ಯಾವುದು, ಒಂದು ತಳಿಯಲ್ಲಿ ಅದು ಚುರುಕಾಗಿದ್ದು ಇನ್ನೊಂದರಲ್ಲಿ ಮಂಕಾಗಿರುವುದೇಕೆ ಎಂಬುದು ಪಟ್ಟಿಯಿಂದ ತಿಳಿಯದು. ಪಂತ್‌ನಗರದ ಕೃಷಿ ವಿಶ್ವವಿದ್ಯಾಲಯದವರು ಕ್ಯಾಲ್ಸಿಯಂ ಹೆಚ್ಚಿರುವ, ಕಡಿಮೆ ಇರುವ ತಳಿಗಳನ್ನು ಹೋಲಿಸಿ, ಕ್ಯಾಲ್ಸಿಯಂ ಸಾಗಿಸುವ ಕೆಲವು ಜೀನ್‌ಗಳ ಮೇಲೆ ಗುಮಾನಿ ವ್ಯಕ್ತಪಡಿಸಿದ್ದಾರೆ. ಗುಮಾನಿಯಿಂದ ಸಾಕ್ಷಿಗೆ ಹೋಗುವ ದಾರಿ ಉದ್ದ. ರಾಗಿಯಲ್ಲಂತೂ ಇನ್ನೂ ಉದ್ದ, ಏಕೆಂದರೆ ಅದು ಎರಡು ಪೂರ್ವಜ ಹುಲ್ಲುಗಳ ಜೀನೋಮ್ ಒಂದಾಗಿ ಹುಟ್ಟಿದ ಬೆಳೆ. ಅದರ ಕ್ರೋಮೋಸೋಮ್ 36. ಬಹುಪಾಲು ಜೀನಿಗೆ ಒಂದು ಜೋಡಿ ಇರುತ್ತದೆ, ಒಂದನ್ನು ತಡೆದರೆ ಇನ್ನೊಂದು ಅದರ ಕೆಲಸ ಮಾಡಿಬಿಡಬಹುದು.

ಮೇಲಾಗಿ ರಾಗಿಯ ಹೂವು ಬಹಳ ಚಿಕ್ಕದು, ತನ್ನ ಪರಾಗದಿಂದಲೇ ಕಾಳುಕಟ್ಟುವಂಥದ್ದು. ಎರಡು ತಳಿಗಳನ್ನು ಕೂಡಿಸಬೇಕಾದರೆ ತೆನೆಯನ್ನು ಬಿಸಿನೀರಿನಲ್ಲಿ ಅದ್ದಿ ಅದರ ಪರಾಗವನ್ನು ಕೊಲ್ಲಬೇಕು, ಇಲ್ಲವೇ ಎರಡು ತೆನೆಗಳನ್ನು ಒಟ್ಟಿಗೆ ಕಟ್ಟಿ ಅದೃಷ್ಟಕ್ಕೆ ಬಿಡಬೇಕು. ಇಂಥ ಬೆಳೆಯಲ್ಲಿ ಮಂಡ್ಯದ ವಿ.ಸಿ. ಫಾರ್ಮಿನ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ 1970ರ ದಶಕದಲ್ಲಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿಯ ಲೆಕ್ಕವೇ ಬದಲಾಯಿತು. ಅವರ ಎದುರಿಗಿದ್ದ ಪ್ರಶ್ನೆ ಹೊಟ್ಟೆ ತುಂಬುವುದು ಹೇಗೆ ಎಂಬುದಾಗಿತ್ತು, ಆ ಕಾಲಕ್ಕೆ ಅದೇ ಸರಿ. ತಳಿಯನ್ನು ಆಯುವಾಗ ತೆನೆಯ ತೂಕ, ಬೆಂಕಿರೋಗ ತಡೆಯುವ ಶಕ್ತಿ, ಬೆಳೆಯ ಅವಧಿ ಕಣ್ಣಿಗೆ ಕಾಣುತ್ತವೆ, ಕ್ಯಾಲ್ಸಿಯಂ ಕಾಣುವುದಿಲ್ಲ. ಕಾಣದ ಗುಣವನ್ನು ಯಾರೂ ಆಯ್ದುಕೊಳ್ಳುವುದಿಲ್ಲ, ಆಯ್ದುಕೊಳ್ಳದ ಗುಣ ಇದ್ದರೂ ಇರಬಹುದು, ತಲೆಮಾರುಗಳಲ್ಲಿ ಕಳೆದುಹೋದರೂ ಹೋಗಬಹುದು.

ಹೀಗೆ ಕಳೆದುಹೋದದ್ದರ ಒಂದು ಕಥೆ ಗೋಧಿಯಲ್ಲಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪಶ್ಚಿಮ ಏಷ್ಯಾದ ಒಂದು ಕಾಡುಗೋಧಿಯ ಕಾಳಿನಲ್ಲಿ ಪ್ರೋಟೀನು ಹೆಚ್ಚು ಎಂಬುದು ಹಿಂದಿನಿಂದ ತಿಳಿದಿತ್ತು. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೋರ್ಹೆ ಡುಬ್ಕೊವ್ಸ್ಕಿ ಅವರ ತಂಡ ಇಸ್ರೇಲಿನ ವಿಜ್ಞಾನಿಗಳ ಜೊತೆ ಸೇರಿ ಇದರ ಬೆನ್ನು ಹತ್ತಿತು. ಪ್ರೋಟೀನು ಹೆಚ್ಚಿರುವ ಗಿಡವನ್ನೂ ಕಡಿಮೆ ಇರುವ ಗಿಡವನ್ನೂ ಕೂಡಿಸಿ, ಅವುಗಳ ಮೊಮ್ಮಕ್ಕಳನ್ನು ಸಾವಿರಗಟ್ಟಲೆ ಬೆಳೆಸಿ, ಪ್ರೋಟೀನಿನ ಜೊತೆ ಸದಾ ಬರುವ ಕ್ರೋಮೋಸೋಮಿನ ತುಣುಕು ಯಾವುದೆಂದು ಗುರುತಿಸುವುದು. ತುಣುಕನ್ನು ಕಿರಿದಾಗಿಸುತ್ತ ಕೊನೆಗೆ ಒಂದೇ ಜೀನಿಗೆ ತಂದು ನಿಲ್ಲಿಸುವುದು. ಅದನ್ನು ಬ್ಯಾಕ್ಟೀರಿಯಾದೊಳಗಿಟ್ಟು ಪ್ರತಿ ತೆಗೆದು ಅಕ್ಷರ ಅಕ್ಷರವಾಗಿ ಓದುವುದು. ಕ್ಲೋನಿಂಗ್ ಎಂದರೆ ಇಷ್ಟೇ. 2006ರಲ್ಲಿ ಪ್ರಕಟವಾದ ಆ ಸಂಶೋಧನೆ ಹೊರಗೆಡವಿದ್ದು ಎರಡು ಸಂಗತಿ. ಗೋಧಿ ಎಲೆಗಳು ಹಣ್ಣಾಗುವ ವೇಳೆಯಲ್ಲಿ ಎಲೆಯಲ್ಲಿದ್ದ ಸಾರಜನಕ, ಕಬ್ಬಿಣ, ಸತುವನ್ನು ಕಾಳಿಗೆ ಇಳಿಸುವ ಕೆಲಸ ಆ ಜೀನಿನದು. ಮತ್ತು ನಾವೆಲ್ಲ ತಿನ್ನುವ ಗೋಧಿಯಲ್ಲಿ ಅದೇ ಜೀನ್ ಇದ್ದೂ ಕೆಟ್ಟು ಕೂತಿದೆ. ಪರೀಕ್ಷೆಗೆಂದು ಪ್ರಯೋಗಾಲಯದಲ್ಲಿ ಆ ಬಗೆಯ ಜೀನ್‌ಗಳ ದನಿ ತಗ್ಗಿಸಿದ ಗೋಧಿಯಲ್ಲಿ ಎಲೆ ಮೂರು ವಾರಕ್ಕೂ ತಡವಾಗಿ ಹಣ್ಣಾಯಿತು, ಪ್ರೋಟೀನು, ಕಬ್ಬಿಣ, ಸತು ಮೂರೂ ಶೇ 30ಕ್ಕಿಂತ ಹೆಚ್ಚು ಇಳಿದವು. ಪರೀಕ್ಷೆಯ ಗಿಡ ಕುಲಾಂತರಿ, ನಿಜ. ಆದರೆ ಆಮೇಲೆ ಹೊಲಕ್ಕೆ ಹೋದ ತಳಿಗಳು ಕುಲಾಂತರಿ ಅಲ್ಲ. ಗುರುತು ಸಿಕ್ಕ ಮೇಲೆ ಕಾಡುಗೋಧಿಯ ಜೀನನ್ನು ಹಳೆಯ ಪದ್ಧತಿಯ ಅಡ್ಡಹಾಯಿಸುವಿಕೆಯಿಂದಲೇ ಊರಗೋಧಿಗೆ ತಂದರು. ಮೊದಲಾದರೆ ಕಾಳು ಬಲಿಯುವವರೆಗೆ ಕಾದು, ಪುಡಿ ಮಾಡಿ, ಪ್ರೋಟೀನು ಅಳೆಯಬೇಕಿತ್ತು. ಈಗ ಪೈರಿನ ಒಂದು ಎಲೆಯ ಚೂರು ಸಾಕು.

ನಮ್ಮ ದೇಶದಲ್ಲೇ ಇದರ ಉದಾಹರಣೆಗಳಿವೆ. ಮೆಕ್ಕೆಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲದ ಕೊರತೆ. ಅದನ್ನು ತುಂಬುವ ಓಪೇಕ್-2 ಎಂಬ ಸಹಜ ರೂಪಾಂತರದ ಗುಣ 1964ರಲ್ಲಿ ಗೊತ್ತಾಯಿತು, ಜೀನ್ ಕ್ಲೋನ್ ಆದದ್ದು 1987ರಲ್ಲಿ. ಅಲ್ಮೋರಾದ ವಿವೇಕಾನಂದ ಸಂಸ್ಥೆ ಆ ಜೀನಿನ ಗುರುತನ್ನೇ ಹಿಡಿದು ವಿವೇಕ್ ಕ್ಯೂಪಿಎಂ-9 ತಳಿಯನ್ನು 2008ರಲ್ಲಿ ಬಿಡುಗಡೆ ಮಾಡಿತು. ಬೀಟಾ ಕ್ಯಾರೊಟಿನ್ ಉಳಿಸಿಕೊಳ್ಳುವ ಇನ್ನೊಂದು ಸಹಜ ರೂಪಾಂತರದ ಜೀನ್ 2010ರಲ್ಲಿ ಸಿಕ್ಕಿತು; ದೆಹಲಿಯ ಪೂಸಾ ಸಂಸ್ಥೆ ಅದನ್ನೂ ಸೇರಿಸಿ 2017ರಲ್ಲಿ ಸುಧಾರಿತ ತಳಿ ಕೊಟ್ಟಿತು. ಎರಡಕ್ಕೂ ಹೊರಗಿನ ಜೀನ್ ಬೇಕಾಗಲಿಲ್ಲ. ಗೋಲ್ಡನ್ ರೈಸ್‌ನ ಕಥೆ ಬೇರೆ. ಅಕ್ಕಿಯ ಕಾಳಿನೊಳಗೆ ಬೀಟಾ ಕ್ಯಾರೊಟಿನ್ ತಯಾರಿಸುವ ತಳಿಯೇ ಇರಲಿಲ್ಲವಾದ್ದರಿಂದ 2000ದಲ್ಲಿ ಡ್ಯಾಫೊಡಿಲ್ ಹೂಗಿಡದ್ದೂ ಒಂದು ಬ್ಯಾಕ್ಟೀರಿಯಾದ್ದೂ ಜೀನ್ ತಂದು ಸೇರಿಸಬೇಕಾಯಿತು. ಫಿಲಿಪ್ಪೀನ್ಸ್ 2021ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು, 2024ರಲ್ಲಿ ಅಲ್ಲಿನ ನ್ಯಾಯಾಲಯ ಆ ಒಪ್ಪಿಗೆಯನ್ನು ರದ್ದು ಮಾಡಿತು. ಪೋಷಕಾಂಶದ ಮಾತು ಬಂದೊಡನೆ ಎಲ್ಲರ ನೆನಪಿಗೆ ಬರುವುದು ಈ ಅಕ್ಕಿ, ಅದರಿಂದಾಗಿ ಇಡೀ ಚರ್ಚೆ ಅದರ ಬಣ್ಣವನ್ನೇ ಬಳಿದುಕೊಂಡಿದೆ. ರಾಗಿ ಅಕ್ಕಿಯ ಸಾಲಿಗೆ ಸೇರಿದ್ದಲ್ಲ, ಮೆಕ್ಕೆಜೋಳದ ಸಾಲಿಗೆ ಸೇರಿದ್ದು. ಬೇಕಾದದ್ದು 184ರಿಂದ 489ರವರೆಗಿನ ಅದರದೇ ಅಂತರದೊಳಗೆ ಇದೆ.

ಕುಲಾಂತರಿಯ ಭಯವನ್ನು ತಳ್ಳಿಹಾಕಿ ಮುಂದೆ ಹೋಗುವುದು ಸರಿಯಲ್ಲ. ಹೊರಗಿನ ಜೀನ್ ಸೇರಿಸಿದ ಬಿಟಿ ಬದನೆಯ ಕಥೆ ಕರ್ನಾಟಕಕ್ಕೆ ಹತ್ತಿರದ್ದು: ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದರ ಪಾಲುದಾರ, ಉಡುಪಿಯ ಮಟ್ಟುಗುಳ್ಳದ ಬೆಳೆಗಾರರು ಅದರ ಬಗ್ಗೆ ಕಳವಳಪಟ್ಟವರು. ಅಂದಿನ ಕೇಂದ್ರ ಸಚಿವ ಜೈರಾಮ್ ರಮೇಶ್ ನಡೆಸಿದ ಏಳು ಸಾರ್ವಜನಿಕ ಸಭೆಗಳಲ್ಲಿ ಕೊನೆಯದು ನಡೆದದ್ದು ಬೆಂಗಳೂರಿನಲ್ಲಿ. ಅದಾದ ಕೆಲವೇ ದಿನಗಳಲ್ಲಿ, 2010ರ ಫೆಬ್ರುವರಿ 9ರಂದು, ಆ ಬದನೆಗೆ ತಡೆ ಬಿತ್ತು. ಅಂದು ಕೇಳಿಬಂದ ಪ್ರಶ್ನೆಗಳು ಹೊಲಕ್ಕೆ ಬಿಡುವ ಗಿಡದ ಬಗ್ಗೆ, ಅದರ ಪರೀಕ್ಷೆ ಯಾರು ಮಾಡಿದರು ಎಂಬುದರ ಬಗ್ಗೆ. ಅವು ಇಂದಿಗೂ ಕೇಳಬೇಕಾದವೇ. ಆದರೆ ಆ ಗದ್ದಲದಲ್ಲಿ ಜೀನನ್ನು ತಿಳಿಯುವ ಕೆಲಸವೂ ಜೀನನ್ನು ತುರುಕುವ ಕೆಲಸವೂ ಒಂದೇ ಗಂಟಾಗಿಬಿಟ್ಟವು. ತಿಳಿಯುವುದು ದಾರಿ ಕವಲೊಡೆಯುವುದಕ್ಕೆ ಮೊದಲಿನ ಹೆಜ್ಜೆ. ಅಲ್ಲಿಂದ ಒಂದು ದಾರಿ ಕುಲಾಂತರಿಗೆ ಹೋಗುತ್ತದೆ, ಇನ್ನೊಂದು ಜೀನೋಮ್ ಎಡಿಟಿಂಗಿಗೆ, ಮತ್ತೊಂದು ಸಾದಾ ತಳಿ ಸಂವರ್ಧನೆಗೆ. ಮೂರನೆಯ ದಾರಿಯಲ್ಲಿ ಬೆಂಗಳೂರು ಈಗಾಗಲೇ ನಡೆದು ತೋರಿಸಿದೆ: ಕೆಸರುಗದ್ದೆ ಬೇಡದ ಏರೋಬಿಕ್ ಭತ್ತ ಎಂಎಎಸ್ 946-1 ಇದೇ ಜಿಕೆವಿಕೆಯಲ್ಲಿ ಇಂಥ ಗುರುತುಗಳ ನೆರವಿನಿಂದ ಹುಟ್ಟಿ 2007ರಲ್ಲಿ ಬಿಡುಗಡೆಯಾಯಿತು. ಅದರ ವಿರುದ್ಧ ಯಾರೂ ಬೀದಿಗಿಳಿಯಲಿಲ್ಲ, ಇಳಿಯುವ ಕಾರಣವೂ ಇರಲಿಲ್ಲ. ಎರಡನೆಯ ದಾರಿಯ ಬಗ್ಗೆ ನನ್ನ ಉತ್ಸಾಹ ಕಡಿಮೆ. ಹೊರಗಿನ ಜೀನ್ ಉಳಿಯದ ಎಡಿಟಿಂಗಿಗೆ ಕೇಂದ್ರ 2022ರಲ್ಲಿ ನಿಯಮ ಸಡಿಲಿಸಿತು, 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳನ್ನೂ ಘೋಷಿಸಿತು. ರಾಗಿಗೆ ಸದ್ಯ ಅದರ ತುರ್ತಿಲ್ಲ. ಹಾಗೆಂದು ‘ಹೊರಗಿನದು’ ಎಂಬ ಒಂದೇ ಕಾರಣಕ್ಕೆ ಮೂಗು ಮುರಿಯುವುದೂ ಬೇಡ. ರಾಗಿಯೇ ಆಫ್ರಿಕಾದಿಂದ ಬಂದದ್ದು. ಬಸವನಗುಡಿಯ ಡಿ.ವಿ.ಜಿ. ಅವರ ಮಗ, ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ನಮ್ಮ ತಟ್ಟೆಯ ಅರ್ಧ ಪಾಲು ದಕ್ಷಿಣ ಅಮೆರಿಕದ್ದೆಂದು ಒಂದು ಪುಸ್ತಕವನ್ನೇ ಬರೆದರು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ರಾಗಿಯಲ್ಲಿ ಕ್ಯಾಲ್ಸಿಯಂ ಆಗಲೇ ಇದೆಯಲ್ಲ, ತಿನ್ನಲು ಹೇಳಿ, ಜೀನ್ ಹುಡುಕುವ ಉಸಾಬರಿ ಯಾಕೆ? ಅಪೌಷ್ಟಿಕತೆ ಬಡತನದ ಕಾಯಿಲೆ. ತಟ್ಟೆಗೆ ಸೊಪ್ಪು, ಬೇಳೆ, ಹಾಲು, ಮೊಟ್ಟೆ ಬಂದರೆ ಅದು ತಾನಾಗಿ ಹೋಗುತ್ತದೆ. ಈ ಮಾತಿನ ಬಹುಪಾಲನ್ನು ಒಪ್ಪಲೇಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಆರು ತಿಂಗಳು ಮೇಲ್ಪಟ್ಟ ಪುಟ್ಟ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ, ಹೆಂಗಸರಲ್ಲಿ ಶೇ 47.8 ಮಂದಿಗೆ. ಯಾವ ಜೀನೂ ಒಬ್ಬಂಟಿಯಾಗಿ ಈ ಅಂಕಿಗಳನ್ನು ಇಳಿಸಲಾರದು. ಆದರೂ ಆಕ್ಷೇಪ ಅರ್ಧಕ್ಕೇ ನಿಲ್ಲುತ್ತದೆ, ಏಕೆಂದರೆ ಇರುವ ಕ್ಯಾಲ್ಸಿಯಂ ಮೈಗೆ ಹತ್ತಬೇಕಲ್ಲ. ರಾಗಿಯಲ್ಲಿ ಫೈಟೇಟ್ ಎಂಬ ರಂಜಕದ ಸಂಯುಕ್ತವಿದೆ, ಆಕ್ಸಲೇಟ್, ಟ್ಯಾನಿನ್‌ಗಳಿವೆ. ಇವು ಕ್ಯಾಲ್ಸಿಯಂ, ಕಬ್ಬಿಣ, ಸತುವನ್ನು ಕರುಳು ಹೀರದಂತೆ ಹಿಡಿದಿಡುತ್ತವೆ. ಮೊಳಕೆ ಕಟ್ಟಿದರೆ ಫೈಟೇಟ್ ಇಳಿಯುತ್ತದೆ. ಮಗುವಿನ ರಾಗಿ ಸರಿಗೆ ಮೊಳಕೆ ಕಟ್ಟಿ, ಒಣಗಿಸಿ, ಬೀಸುವ ನಮ್ಮ ಅಜ್ಜಿಯಂದಿರ ಕ್ರಮದ ಹಿಂದಿನ ವಿಜ್ಞಾನವನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಎನ್.ಜಿ. ಮಲ್ಲೇಶಿಯವರಂಥವರು ಬಹುಕಾಲ ಶೋಧಿಸಿದ್ದಾರೆ. ಅಲ್ಲೂ ಒಂದು ತೊಡಕಿದೆ: ಹಿಟ್ಟನ್ನು ತೆಳುಬಟ್ಟೆಯಲ್ಲಿ ಸೋಸಿದಾಗ ಹೊಟ್ಟು ಹೋಗುತ್ತದೆ, ಕ್ಯಾಲ್ಸಿಯಮ್ಮಿನ ಒಳ್ಳೆಯ ಪಾಲು ಇರುವುದು ಆ ಹೊಟ್ಟಿನಲ್ಲೇ. ಮುದ್ದೆಗೆ ಯಾರೂ ರಾಗಿಯನ್ನು ಮೊಳಕೆ ಕಟ್ಟುವುದಿಲ್ಲ, ಕಟ್ಟಿದರೆ ಮುದ್ದೆಯೂ ಆಗುವುದಿಲ್ಲ. ಹಾಗಾಗಿ ಅಡುಗೆಮನೆಯ ಜಾಣತನಕ್ಕೆ ಒಂದು ಮಿತಿಯಿದೆ, ಆ ಮಿತಿಯಿಂದಾಚೆಗಿನದು ಕಾಳಿನೊಳಗೇ ಆಗಬೇಕಾದ ಕೆಲಸ.

ಇನ್ನೂ ಒಂದು ಕಾರಣಕ್ಕೆ ಇದು ಪ್ರತಿಯೊಬ್ಬರ ಸ್ವಂತ ಆಯ್ಕೆಗೆ ಬಿಟ್ಟ ವಿಷಯವಲ್ಲ. ರಾಗಿಯನ್ನು ಈಗ ಉಣಿಸುತ್ತಿರುವುದು ಸರ್ಕಾರ. ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ರಾಗಿ ಇದೆ. 2024ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡಲಾಗುತ್ತಿದೆ. ಚಾಮರಾಜಪೇಟೆಯ ಮನೆಯಾಕೆ ಅಂಗಡಿ ಬದಲಿಸಬಹುದು. ಶಾಲೆಯ ಲೋಟ ಹಿಡಿದ ಮಗುವಿಗೆ ಆ ಅವಕಾಶವಿಲ್ಲ, ಕೊಟ್ಟದ್ದನ್ನೇ ಕುಡಿಯಬೇಕು. ಸಾರ್ವಜನಿಕ ಹಣದಿಂದ ಕೊಳ್ಳುವ ಕಾಳಿನ ಗುಣವನ್ನು ಸಾರ್ವಜನಿಕ ಹಣದಿಂದಲೇ ಉತ್ತಮಪಡಿಸುವುದು ದುಂದು ಎನ್ನಲಾಗದು.

ಯಾರ ಹಣ ಎಂಬುದರ ಹಿಂದೆಯೇ ಯಾರ ಸೊತ್ತು ಎಂಬ ಪ್ರಶ್ನೆ ಬರುತ್ತದೆ, ಕರ್ನಾಟಕದಲ್ಲಿ ಅದನ್ನು ತಪ್ಪಿಸಿ ಹೋಗಲು ಯಾರಿಗೂ ಆಗದು. 1992ರ ಡಿಸೆಂಬರಿನಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ್ದು, 1998ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಹೊಲಕ್ಕೆ ಬೆಂಕಿ ಇಟ್ಟದ್ದು ಬೀಜ ಯಾರದು ಎಂಬ ಪ್ರಶ್ನೆಯಿಂದಲೇ. ವಿಧಾನವನ್ನು ಒಪ್ಪದವರೂ ಪ್ರಶ್ನೆಯನ್ನು ಒಪ್ಪಬೇಕು. ಗೋಲ್ಡನ್ ರೈಸ್ ತಯಾರಾದಾಗ ಅದರ ಮೇಲೆ 32 ಒಡೆಯರ ಸುಮಾರು 70 ಪೇಟೆಂಟುಗಳ ನೆರಳಿತ್ತೆಂದು 2000ದಲ್ಲಿ ಲೆಕ್ಕ ಹಾಕಿದ್ದರು. ಅಂಥ ಬಲೆಯಿಂದ ರಾಗಿಯನ್ನು ದೂರ ಇಡುವ ಉಪಾಯ ಸಂಶೋಧನೆಯನ್ನು ಬಿಟ್ಟುಬಿಡುವುದಲ್ಲ, ಮೊದಲೇ ಮಾಡಿ ಬಹಿರಂಗವಾಗಿ ಪ್ರಕಟಿಸಿಬಿಡುವುದು. ಈಗಾಗಲೇ ಪ್ರಕಟವಾಗಿ ಎಲ್ಲರಿಗೂ ತಿಳಿದದ್ದನ್ನು ತನ್ನ ಆವಿಷ್ಕಾರವೆಂದು ಯಾರೂ ಪೇಟೆಂಟ್ ಕೇಳಲು ಬರುವುದಿಲ್ಲ. ನಮ್ಮ ಪೇಟೆಂಟ್ ಕಾಯಿದೆಯ 3(ಜೆ) ಕಲಮು ಗಿಡ ಮತ್ತು ಬೀಜಕ್ಕೆ ಪೇಟೆಂಟ್ ಕೊಡುವುದಿಲ್ಲ. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಬೀಜ ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ, ಬ್ರಾಂಡ್ ಹಾಕದೆ ಮಾರುವ ಹಕ್ಕನ್ನು ರೈತನ ಕೈಯಲ್ಲೇ ಇಟ್ಟಿದೆ. ರಾಗಿಗೆ ಇನ್ನೊಂದು ರಕ್ಷೆ ಅದರ ಹೂವಿನಲ್ಲೇ ಇದೆ. ತನ್ನ ಪರಾಗದಿಂದಲೇ ಕಾಳುಕಟ್ಟುವುದರಿಂದ ಹೈಬ್ರಿಡ್ ಬೀಜದ ವ್ಯಾಪಾರಕ್ಕೆ ಅದು ಸುಲಭವಾಗಿ ಒಗ್ಗುವುದಿಲ್ಲ, ಒಮ್ಮೆ ಪಡೆದ ಬೀಜವನ್ನು ರೈತ ವರ್ಷ ವರ್ಷ ಉಳಿಸಿಕೊಳ್ಳಬಹುದು. ಖಾಸಗಿ ಕಂಪನಿಗಳಿಗೆ ರಾಗಿಯಲ್ಲಿ ಆಸಕ್ತಿ ಕಡಿಮೆ ಇರುವುದಕ್ಕೂ ಇದೇ ಕಾರಣ. ಅವರು ಮಾಡದ ಕೆಲಸವನ್ನು ಸರ್ಕಾರವೂ ಮಾಡದಿದ್ದರೆ ಮಾಡುವವರು ಉಳಿಯುವುದಿಲ್ಲ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ರಾಜ್ಯ ಇದಕ್ಕೆ ಬೇರೆಯವರ ಮುಖ ನೋಡಬೇಕೆ?

ಅಪಾಯಗಳನ್ನೂ ಹೇಳಬೇಕು. ಓಪೇಕ್-2 ಲೈಸಿನ್ ತಂದಿತು, ಜೊತೆಗೆ ಮೆತ್ತಗಿನ ಕಾಳು, ಹುಳದ ಕಾಟ, ಕಡಿಮೆ ಇಳುವರಿಯನ್ನೂ ತಂದಿತು. ಕಾಳನ್ನು ಮತ್ತೆ ಗಟ್ಟಿ ಮಾಡಲು ಮೆಕ್ಸಿಕೊದ ಸಿಮಿಟ್ ಕೇಂದ್ರದಲ್ಲಿ ಸುರಿಂದರ್ ವಾಸಲ್ ಮತ್ತು ಇವಾಂಜೆಲಿನಾ ವಿಯೆಗಾಸ್ ದಶಕಗಳನ್ನು ಸವೆಸಿದರು. ಫೈಟೇಟ್ ಕೂಡ ಬರೀ ಶತ್ರುವಲ್ಲ. ಬೀಜ ಮೊಳೆಯಲು ಬೇಕಾದ ರಂಜಕ ಅದರಲ್ಲೇ ಇರುತ್ತದೆ, ಪೂರ್ತಿ ತೆಗೆದರೆ ಪೈರು ಸೊರಗೀತು. ಬ್ರೆಜಿಲ್ ನಟ್‌ನ ಜೀನ್ ಹಾಕಿದ ಸೋಯಾ ಅಲರ್ಜಿ ತರುತ್ತದೆಂದು 1996ರಲ್ಲಿ ಪರೀಕ್ಷೆಯಲ್ಲೇ ಗೊತ್ತಾಗಿ, ಅದು ಮಾರುಕಟ್ಟೆಗೆ ಬರಲಿಲ್ಲ. ರಾಗಿಯದೇ ಜೀನನ್ನು ರಾಗಿಯಲ್ಲೇ ಆಯ್ದುಕೊಳ್ಳುವಾಗ ಆ ಬಗೆಯ ಭಯ ಇಲ್ಲ. ಇಳುವರಿ, ಬೆಂಕಿರೋಗ, ಮುದ್ದೆಯ ಹದ ಇವುಗಳ ಪರೀಕ್ಷೆ ಮಾತ್ರ ಬೇಕೇ ಬೇಕು. ಯಾವುದೂ ಒಂದೆರಡು ಬಜೆಟ್ಟಿನಲ್ಲಿ ಮುಗಿಯುವುದಲ್ಲ. ಓಪೇಕ್-2ರ ಗುಣ ತಿಳಿದದ್ದಕ್ಕೂ ಅಲ್ಮೋರಾದ ತಳಿ ಹೊರಬಂದದ್ದಕ್ಕೂ ನಡುವೆ 44 ವರ್ಷ ಕಳೆದಿತ್ತು. ಮೂರು ವರ್ಷದ ಯೋಜನೆ, ಆಮೇಲೆ ಒಂದು ವರದಿ, ಆಮೇಲೆ ಬೀಗ ಹಾಕಿದ ಪ್ರಯೋಗಾಲಯ ಎಂಬ ನಮ್ಮ ಮಾಮೂಲು ಕ್ರಮಕ್ಕೆ ಈ ಕೆಲಸ ಹೊಂದುವುದಿಲ್ಲ. ಜಿಕೆವಿಕೆಯಲ್ಲೂ ವಿ.ಸಿ. ಫಾರ್ಮಿನಲ್ಲೂ ಹೆಚ್ಚು ಮತ್ತು ಕಡಿಮೆ ಕ್ಯಾಲ್ಸಿಯಮ್ಮಿನ ತಳಿಗಳನ್ನು ಕೂಡಿಸಿದ ಪೀಳಿಗೆಗಳನ್ನು ಹಲವು ವರ್ಷ ಕೆಡದಂತೆ ಬೆಳೆಸಿಕೊಂಡು ಹೋಗಲು ಕಾಯಂ ಹಣ, ಕಾಯಂ ಜನ ಬೇಕು.

ಅಷ್ಟಾದರೂ ಜೀನ್ ಸಿಕ್ಕ ಮಾತ್ರಕ್ಕೆ ರೈತ ಆ ತಳಿಯನ್ನು ಬಿತ್ತುತ್ತಾನೆಂಬ ಖಾತ್ರಿಯಿಲ್ಲ. 100 ಗ್ರಾಂಗೆ 428 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಸಿಎಫ್‌ಎಂವಿ-1 ಎಂಬ ತಳಿ ಸಾದಾ ಸಂವರ್ಧನೆಯಿಂದಲೇ ಬಂದು 2020ರಲ್ಲಿ ಬಿಡುಗಡೆಯಾಗಿದೆ, ಕರ್ನಾಟಕಕ್ಕೂ ಶಿಫಾರಸಾಗಿದೆ. ಆದರೆ ಖರೀದಿ ಕೇಂದ್ರದಲ್ಲಿ ಅದಕ್ಕೂ ಉಳಿದ ರಾಗಿಗೂ ಒಂದೇ ಬೆಂಬಲ ಬೆಲೆ, 2025–26ಕ್ಕೆ ಕ್ವಿಂಟಲಿಗೆ 4,886 ರೂಪಾಯಿ. ತೂಕಕ್ಕೆ ಮಾತ್ರ ದುಡ್ಡು ಸಿಗುವಾಗ ತೂಕ ಹೆಚ್ಚು ಬರುವ ತಳಿಯನ್ನೇ ರೈತ ಬಿತ್ತುತ್ತಾನೆ, ಅದರಲ್ಲಿ ತಪ್ಪೇನಿದೆ? ಹೊಸ ತಳಿಗೆ ಒಪ್ಪಿಗೆ ಕೊಡುವ ಸಮಿತಿ ಇಳುವರಿಯ ಪಕ್ಕದಲ್ಲಿ ಕ್ಯಾಲ್ಸಿಯಂ ಮತ್ತು ಫೈಟೇಟ್ ಅಂಕಿಯನ್ನೂ ಕಡ್ಡಾಯವಾಗಿ ಕೇಳಬೇಕು. ಶಾಲೆ ಮತ್ತು ಅಂಗನವಾಡಿಗೆ ಹೋಗುವಷ್ಟು ರಾಗಿಯನ್ನಾದರೂ ತಳಿ ನೋಡಿ, ಅಳೆದು, ಬೇರೆ ಮೂಟೆಯಲ್ಲಿ, ಬೆಂಬಲ ಬೆಲೆಯ ಮೇಲೆ ಒಂದಿಷ್ಟು ಹೆಚ್ಚು ಕೊಟ್ಟು ಕೊಳ್ಳಬೇಕು. ಇದಕ್ಕೆ ಜೀನ್ ಸಿಗುವವರೆಗೆ ಕಾಯಬೇಕಿಲ್ಲ, ಮುಂದಿನ ಸುಗ್ಗಿಯ ಖರೀದಿಯಲ್ಲೇ ಆರಂಭಿಸಬಹುದು.